ಮುದ್ರೆ ಇಲ್ಲದ ತಕ್ಕಡಿ: ಒಂದು ಕ್ಯಾಲರಿ ಕಿರ್ದಿಯ ಪ್ರಕರಣ

ಈ ಯುಗಾದಿಯಂದು ಹೋಳಿಗೆ ಊಟ ಮುಗಿದ ಮೇಲೆ ಭಾವ ನನ್ನ ಮುಂದೆ ಒಂದು ಕಿರ್ದಿ ಪುಸ್ತಕ ತಂದಿಟ್ಟರು. ಕೆಂಪು ರಟ್ಟು, ಉದ್ದನೆಯದು, ಅಂಗಡಿಯಲ್ಲಿ ದಿನದ ವ್ಯಾಪಾರ ಬರೆಯುವಂಥದ್ದೇ. ಒಳಗೆ ಮಾತ್ರ ಮೊಳೆ, ಬಣ್ಣ, ಪಿವಿಸಿ ಪೈಪುಗಳ ಬದಲು ಇಡ್ಲಿ, ಮುದ್ದೆ, ಕಾಫಿ. ಎಡಗಡೆ ಜಮಾ, ಅಂದರೆ ತಿಂದದ್ದು. ಬಲಗಡೆ ಖರ್ಚು, ಅಂದರೆ ಕೈಗೆ ಕಟ್ಟಿದ ಸ್ಮಾರ್ಟ್‌ವಾಚ್ ಹೇಳಿದ್ದು. ಪ್ರತಿ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಬಾಕಿ.

"ಏನು ಮೇಷ್ಟ್ರೇ, ಒಂಬತ್ತು ವಾರದಿಂದ ಒಂದು ದಿನವೂ ಬಿಡದೆ ಬರೆದಿದೀನಿ. ಲೆಕ್ಕದ ಪ್ರಕಾರ ನಾಲ್ಕು ಕೆಜಿ ಇಳೀಬೇಕಿತ್ತು. ಇಳಿದಿರೋದು ಆರುನೂರು ಗ್ರಾಂ. ಮಿಕ್ಕಿದ್ದು ಎಲ್ಲಿ ಹೋಯ್ತು, ಹುಡುಕಿಕೊಡಪ್ಪ ನೋಡೋಣ."

ನಾನು ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ವೈದ್ಯನಲ್ಲ, ಆಹಾರ ತಜ್ಞನೂ ಅಲ್ಲ. ಆದರೆ ಮೂರು ಕೆಜಿ ನಾನೂರು ಗ್ರಾಂ ಲೆಕ್ಕಕ್ಕೆ ಸಿಗದೆ ಹೋದರೆ ಅದು ನನ್ನ ಇಲಾಖೆಯ ವಿಷಯವೇ. ಹೆಸರು ಹಾಕಬೇಡ, ಮಿಕ್ಕಿದ್ದು ಏನು ಬೇಕಾದರೂ ಬರಿ ಎಂದು ಭಾವ ಒಪ್ಪಿಗೆ ಕೊಟ್ಟಿದ್ದಾರೆ.

ಹಿನ್ನೆಲೆ

ಭಾವನಿಗೆ 47 ವರ್ಷ. ಮೈಸೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಎತ್ತರ 170 ಸೆಂಟಿಮೀಟರ್, ಜನವರಿಯಲ್ಲಿ ತೂಕ 86 ಕೆಜಿ, ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ ಸುಮಾರು 30. ಭಾರತೀಯರ ಮೈಕಟ್ಟಿಗೆ 25 ದಾಟಿದರೇ ಬೊಜ್ಜು ಎನ್ನುತ್ತಾರೆ. ಡಿಸೆಂಬರಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಅಂಕಿ, 6.1 ಬಂದಿತ್ತು. ಅದು 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದರ್ಥ. ಡಾಕ್ಟರು ಮಾತ್ರೆ ಬರೆಯಲಿಲ್ಲ. ತೂಕದಲ್ಲಿ ನೂರಕ್ಕೆ ಏಳು ಭಾಗ ಇಳಿಸಿ, ಆಮೇಲೆ ನೋಡೋಣ ಎಂದರು.

ಈ ಏಳರ ಲೆಕ್ಕ ಅವರು ಬಾಯಿಗೆ ಬಂದಂತೆ ಹೇಳಿದ್ದಲ್ಲ. ಹೊಸ್ತಿಲಲ್ಲಿದ್ದ ಸಾವಿರಾರು ಜನರ ಮೇಲೆ ಅಮೆರಿಕದಲ್ಲಿ ನಡೆದ ಮಧುಮೇಹ ತಡೆ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. 7 ಪರ್ಸೆಂಟ್ ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ಓಡಾಡುವುದು, ಇಷ್ಟೇ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಸಕ್ಕರೆ ಕಾಯಿಲೆಗೆ ಜಾರುವುದು 58 ಪರ್ಸೆಂಟ್ ಕಡಿಮೆಯಾಗಿತ್ತು. 86 ಕೆಜಿಗೆ ಏಳು ಪರ್ಸೆಂಟ್ ಅಂದರೆ ಆರು ಕೆಜಿ. ಹಾಗಾಗಿ ಭಾವನ ಗುರಿ 80.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಸಂಕ್ರಾಂತಿಗೆ ಬಂದಾಗ ವಾಚ್ ತಂದುಕೊಟ್ಟ. ವಾಪಸು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲೇ ಫೋನಿಗೆ ಜೋಡಿಸಿ, ಎತ್ತರ ತೂಕ ತುಂಬಿಸಿ ಹೋದ. ಈ ಗಡಿಬಿಡಿಗೆ ಆಮೇಲೆ ಬರುತ್ತೇನೆ.

ಭಾವ ಜನವರಿ 20ರಿಂದ ಶುರು ಮಾಡಿದರು. ಲೆಕ್ಕ ವ್ಯಾಪಾರಿಯದ್ದು, ಸರಳ. ಒಂದು ಕೆಜಿ ಕೊಬ್ಬು ಸುಮಾರು 7,700 ಕ್ಯಾಲರಿ. ವಾರಕ್ಕೆ ಅರ್ಧ ಕೆಜಿ ಇಳಿಯಬೇಕಾದರೆ ದಿನಕ್ಕೆ 550 ಕ್ಯಾಲರಿ ಬಾಕಿ ಬೀಳಬೇಕು. ವಾಚ್ ಎಷ್ಟು ಖರ್ಚು ಎನ್ನುತ್ತದೋ ಅದರಲ್ಲಿ 550 ಕಳೆದು, ಮಿಕ್ಕಷ್ಟು ತಿನ್ನುವುದು. ಸಂಜೆ ಏಳಕ್ಕೆ ಅಂಗಡಿಯನ್ನು ಹುಡುಗನ ಕೈಗೆ ಬಿಟ್ಟು ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ನಡಿಗೆ. ನಡಿಗೆ ಮುಗಿದಾಗ ಪರದೆಯ ಮೇಲೆ 312 ಎಂದು ಬರುತ್ತಿತ್ತು. "ಒಂದು ಮಸಾಲೆ ದೋಸೆ ಸಂಪಾದನೆ ಆಯ್ತು" ಎನ್ನುತ್ತಿದ್ದರಂತೆ. ಎಷ್ಟೋ ಸಂಜೆ ಆ ಸಂಪಾದನೆಯನ್ನು ದಾರಿಯಲ್ಲೇ ಖರ್ಚು ಮಾಡಿ ಮನೆಗೆ ಬಂದದ್ದೂ ಪುಸ್ತಕದಲ್ಲಿದೆ. ಪ್ರಾಮಾಣಿಕ ಮನುಷ್ಯ, ಚಟ್ನಿಯನ್ನೂ ಬರೆದಿದ್ದಾರೆ.

ಒಂಬತ್ತು ವಾರಗಳ ಸರಾಸರಿ ಹೀಗಿತ್ತು: ಖರ್ಚು ದಿನಕ್ಕೆ 2,600, ತಿಂದದ್ದು 2,050, ಬಾಕಿ 550.

ತಕ್ಕಡಿ ಸುಳ್ಳು ಹೇಳಿತೇ?

ಮೊದಲು ಅನುಮಾನ ಬಂದದ್ದು ತೂಕದ ಮೇಲೆ. ಭಾವ ತೂಕ ನೋಡುತ್ತಿದ್ದದ್ದು ಅಂಗಡಿಯಲ್ಲಿ, ಮೊಳೆ, ಕಬ್ಬಿಣದ ತಂತಿ ತೂಗುವ ದೊಡ್ಡ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ. ಬೆಳಿಗ್ಗೆ ಬಾಗಿಲು ತೆಗೆದು ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆ ಬೀಗದ ಗೊಂಚಲು, ಫೋನು ಮೇಜಿನ ಮೇಲಿಟ್ಟು ನಿಲ್ಲುತ್ತಿದ್ದರು. ತಿಂಡಿ ತಿಂದಾಗಿರುತ್ತಿತ್ತು, ಬಟ್ಟೆಯೂ ಮೈಮೇಲೆ.

"ಅದು ಸರಿಯಾದ ಕ್ರಮ ಅಲ್ಲ ಅಲ್ವಾ?" ಎಂದು ಅಕ್ಕ ಕೇಳಿದಳು. ಸರಿಯೇ ಇದೆ. ತಿಂಡಿ, ಬಟ್ಟೆ ಸೇರಿ ಒಂದು ಕೆಜಿ ಹೆಚ್ಚು ಬರಬಹುದು, ಆದರೆ ದಿನಾ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಬರುತ್ತದೆ. ನಮಗೆ ಬೇಕಾದದ್ದು ವ್ಯತ್ಯಾಸ. ಒಂದು ದಿನದ ಅಂಕಿಯನ್ನು ನಂಬದೆ ಏಳು ದಿನದ ಸರಾಸರಿ ಹಾಕಿದೆ. ಮೊದಲ ವಾರ 86.0, ಒಂಬತ್ತನೇ ವಾರ 85.4. ನಡುವೆ 56 ದಿನ. ಭಾವ ಹೇಳಿದ ಆರುನೂರು ಗ್ರಾಂ ಖಚಿತ.

ಅಷ್ಟೇ ಅಲ್ಲ, ಆ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇದೆ. ವರ್ಷಕ್ಕೊಮ್ಮೆ ಬಟ್ಟು ಇಟ್ಟು ಪರೀಕ್ಷೆ ಮಾಡಿ ಸೀಲ್ ಹಾಕುತ್ತಾರೆ. ಸೀಲ್ ಇಲ್ಲದ ತಕ್ಕಡಿಯಲ್ಲಿ ಮೊಳೆ ತೂಗಿದರೆ ದಂಡ. ಭಾವನ ಕೈಯಲ್ಲಿದ್ದ ವಾಚ್‌ನ ಕ್ಯಾಲರಿಗೆ ಅಂಥ ಮುದ್ರೆ ಯಾರೂ ಹಾಕಿಲ್ಲ. ಇದನ್ನು ಹೇಳಿದಾಗ ಭಾವನ ಮುಖ ಸ್ವಲ್ಪ ಗಂಭೀರವಾಯಿತು. ಅವರಿಗೆ ಅರ್ಥವಾಗುವ ಭಾಷೆ ಅದು.

550ರ ಬಾಕಿ ನಿಜವಾಗಿದ್ದರೆ 56 ದಿನಕ್ಕೆ 4 ಕೆಜಿ ಹೋಗಬೇಕಿತ್ತು. ಹೋದದ್ದು 0.6. ಅಂದರೆ ದಿನಕ್ಕೆ ನಿಜವಾಗಿ ಬಿದ್ದ ಬಾಕಿ 82 ಕ್ಯಾಲರಿ. ಕಿರ್ದಿಯಲ್ಲಿ ದಿನಕ್ಕೆ 468 ಕ್ಯಾಲರಿ ಎಲ್ಲೋ ಸೋರುತ್ತಿದೆ. ಹುಡುಕಬೇಕಾದದ್ದು ಇದನ್ನು.

ಒಂದೇ ಬಿಲ್ಲು ಎರಡು ಸಲ

ಫೆಬ್ರವರಿ 11ರ ಪುಟ ತೆಗೆದೆ. ಮಂಗಳವಾರ. ಬಲಗಡೆ ಮೂರು ಸಾಲು: ವಿಶ್ರಾಂತಿ 1,753, ಚಟುವಟಿಕೆ 668, ನಡಿಗೆ 312. ಒಟ್ಟು 2,733.

"ಭಾವ, ಈ 668 ಎಲ್ಲಿಂದ ಬಂತು?"

"ಆ್ಯಪ್‌ನಲ್ಲಿ ರಾತ್ರಿ ತೋರಿಸುತ್ತಲ್ಲ, ಇಡೀ ದಿನದ್ದು."

"ಇಡೀ ದಿನ ಅಂದ್ರೆ ಅದರಲ್ಲಿ ಸಂಜೆಯ ನಡಿಗೆ ಬಂದುಬಿಟ್ಟಿರಲ್ವಾ?"

ಭಾವ ಮಾತಾಡಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಮೂವತ್ತು ವರ್ಷ ಅಂಗಡಿ ನಡೆಸಿದವರು ಒಂದೇ ಬಿಲ್ಲನ್ನು ಎರಡು ಸಲ ಏರಿಸಿದ್ದರು, ಅದೂ ವಾರಕ್ಕೆ ಐದು ದಿನ. 312ನ್ನು ಐದರಿಂದ ಗುಣಿಸಿ ಏಳರಿಂದ ಭಾಗಿಸಿದರೆ ದಿನಕ್ಕೆ 223. ಸೋರಿಕೆಯ ಅರ್ಧದಷ್ಟು ಇಲ್ಲೇ ಸಿಕ್ಕಿತು.

ಇದನ್ನು ಭಾವನ ಪೆದ್ದುತನ ಎಂದು ತಳ್ಳಿಹಾಕುವಂತಿಲ್ಲ. ಒಂದು ವಾಚ್ ಚಟುವಟಿಕೆಯ ಕ್ಯಾಲರಿಯನ್ನಷ್ಟೇ ಎದ್ದು ಕಾಣುವಂತೆ ತೋರಿಸುತ್ತದೆ, ಇನ್ನೊಂದು ವಿಶ್ರಾಂತಿಯದ್ದನ್ನೂ ಸೇರಿಸಿ ಒಟ್ಟು ತೋರಿಸುತ್ತದೆ. ವ್ಯಾಯಾಮದ ಪರದೆಯ ಮೇಲೆ ಬರುವುದು ಸಾಮಾನ್ಯವಾಗಿ ಆ ಅವಧಿಯ ಒಟ್ಟು, ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದದ್ದೂ ಸೇರಿ. ಮೇಲೆ ಊಟದ ಲೆಕ್ಕ ಇಡುವ ಬೇರೆ ಆ್ಯಪ್ ಜೋಡಿಸಿದರೆ ಅದು ವ್ಯಾಯಾಮವನ್ನು ತಾನೇ ಇನ್ನೊಮ್ಮೆ ಕೂಡಿಸಿ, ಇಷ್ಟು ತಿನ್ನಲು ಬಾಕಿ ಇದೆ ಎನ್ನುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಇಬ್ಬರ ಫೋನು ಇಸಿದುಕೊಂಡು ನೋಡಿದೆ. ಇಬ್ಬರೂ ಗಣಿತದವರು, ಒಬ್ಬರು ಇದೇ ತಪ್ಪು ಮಾಡುತ್ತಿದ್ದರು.

1990ರ ಜನವರಿ 1

ಮುಂದಿನದು ವಿಶ್ರಾಂತಿಯ 1,753. ಏನೂ ಮಾಡದೆ ಮಲಗಿದ್ದರೂ ಉಸಿರು, ಗುಂಡಿಗೆ, ಮಿದುಳು, ಮೈಶಾಖಕ್ಕೆ ಖರ್ಚಾಗುವುದು. ನಮ್ಮಂಥವರ ದಿನದ ಖರ್ಚಿನಲ್ಲಿ ದೊಡ್ಡ ಪಾಲು ಇದೇ. ಇದನ್ನು ವಾಚ್ ಅಳೆಯುವುದಿಲ್ಲ, ಅಳೆಯಲು ಅದಕ್ಕೆ ಸಾಧ್ಯವೂ ಇಲ್ಲ. ಸೂತ್ರ ಹಾಕಿ ಹೇಳುತ್ತದೆ. ಯಾವ ಸೂತ್ರ ಎಂದು ಕಂಪನಿಯ ಕೈಪಿಡಿಯಲ್ಲಿ ಇರಲಿಲ್ಲ. ಬಹಳ ಬಳಕೆಯಲ್ಲಿರುವುದು 1990ರ ಮಿಫ್ಲಿನ್–ಸೇಂಟ್ ಜಿಯರ್ ಸೂತ್ರ: ಕೆಜಿಯನ್ನು 10ರಿಂದ, ಸೆಂಟಿಮೀಟರನ್ನು 6.25ರಿಂದ ಗುಣಿಸಿ ಕೂಡಿ, ವಯಸ್ಸನ್ನು 5ರಿಂದ ಗುಣಿಸಿ ಕಳೆದು, ಗಂಡಸಾದರೆ 5 ಸೇರಿಸುವುದು. ಭಾವನಿಗೆ ಹಾಕಿದೆ. 1,693 ಬಂತು. ವಾಚ್ ಹೇಳುವುದಕ್ಕಿಂತ 60 ಕಡಿಮೆ.

60 ಎಂಬ ಅಂಕಿ ನೋಡಿದ ಕೂಡಲೇ ಕಿವಿ ನಿಮಿರಿತು. ಸೂತ್ರದಲ್ಲಿ ವಯಸ್ಸಿಗೆ ಐದರ ಗುಣಕ. 60 ಅಂದರೆ ಹನ್ನೆರಡು ವರ್ಷ. ಆ್ಯಪ್‌ನ ವೈಯಕ್ತಿಕ ವಿವರ ತೆರೆದು ನೋಡಿದರೆ ಹುಟ್ಟಿದ ದಿನಾಂಕ 1990ರ ಜನವರಿ 1. ಭಾವ ಹುಟ್ಟಿದ್ದು 1978ರಲ್ಲಿ. ಆ್ಯಪ್ ತಾನಾಗಿ ತುಂಬಿಕೊಂಡಿದ್ದ ತಾರೀಖನ್ನು ಬಸ್ಸು ಹಿಡಿಯುವ ಅವಸರದಲ್ಲಿ ಮಗ ಹಾಗೇ ಬಿಟ್ಟಿದ್ದ.

"ನೋಡು, ಅದಾದ್ರೂ ನನ್ನನ್ನ ಮೂವತ್ತೈದು ಅಂದ್ಕೊಂಡಿತ್ತಲ್ಲ" ಎಂದು ಭಾವ ಅಕ್ಕನ ಕಡೆ ನೋಡಿದರು. ಅಕ್ಕ ಬೇಳೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಸರಿಪಡಿಸಿದ 1,693 ಕೂಡ ಅಮೆರಿಕದ 498 ಜನರನ್ನು ಅಳೆದು ಕಟ್ಟಿದ ಸೂತ್ರದ ಮಾತು. ಭಾರತೀಯರಲ್ಲಿ ವಿಶ್ರಾಂತಿಯ ಖರ್ಚು ಇಂಥ ವಿದೇಶಿ ಸೂತ್ರಗಳು ಹೇಳುವುದಕ್ಕಿಂತ ಕಡಿಮೆ ಎಂಬುದನ್ನು ತೋರಿಸಿದವರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮುಖ್ಯರು. ಒಂದೇ ತೂಕದ ಇಬ್ಬರಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು ಇರುವವನ ಖರ್ಚು ಕಡಿಮೆ. ನಮ್ಮವರ ಮೈ ಸಾಮಾನ್ಯವಾಗಿ ಆ ಬಗೆಯದು.

ಹಸಿರು ದೀಪ ಏನು ನೋಡುತ್ತದೆ

ವಾಚ್ ತಿರುಗಿಸಿ ಹಿಡಿದರೆ ಕೆಳಗೆ ಮಿಣುಕುವ ಹಸಿರು ದೀಪ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಏರಿ ಇಳಿಯುವಾಗ ಹಿಂತಿರುಗುವ ಬೆಳಕೂ ಏರಿಳಿಯುತ್ತದೆ, ಅದರಿಂದ ನಾಡಿ ಬಡಿತ ಎಣಿಸುತ್ತದೆ. ಇನ್ನೊಂದು ಸಣ್ಣ ಚಿಪ್ ಕೈಯ ಅಲುಗಾಟವನ್ನು ಮೂರು ದಿಕ್ಕಿನಲ್ಲಿ ಗಮನಿಸಿ ಹೆಜ್ಜೆ ಎಣಿಸುತ್ತದೆ. ಕ್ಯಾಲರಿಯ ಲೆಕ್ಕಕ್ಕೆ ಮುಖ್ಯವಾಗಿ ಇವೆರಡೇ ಆಧಾರ. ಕ್ಯಾಲರಿ ಖರ್ಚಾಗುವುದು ಮೈ ಆಮ್ಲಜನಕ ಬಳಸಿ ಆಹಾರ ಸುಡುವುದರಿಂದ, ವಾಚ್‌ಗೆ ಉಸಿರು ಕಾಣುವುದಿಲ್ಲ. ಬಡಿತ, ಅಲುಗಾಟ, ತೂಕ, ಎತ್ತರ, ವಯಸ್ಸು ಹಾಕಿ ಕಂಪನಿಯ ಸೂತ್ರ ಊಹಿಸುತ್ತದೆ.

ಜೋರಾಗಿ ಓಡುವಾಗ, ಸೈಕಲ್ ತುಳಿಯುವಾಗ ಬಡಿತಕ್ಕೂ ಆಮ್ಲಜನಕಕ್ಕೂ ತಕ್ಕಮಟ್ಟಿಗೆ ನೇರ ಸಂಬಂಧವಿರುತ್ತದೆ. ಕೂತಾಗ, ನಿಂತಾಗ, ಅಂಗಡಿಯಲ್ಲಿ ಅತ್ತಿತ್ತ ಓಡಾಡುವಾಗ ಆ ಸಂಬಂಧ ಸಡಿಲ. ಮಾರ್ಚ್ ಬಿಸಿಲು, ಎರಡನೇ ಡಿಕಾಕ್ಷನ್ ಕಾಫಿ, ಆಡಿಟರ್ ಫೋನು, ಯಾವುದು ಬೇಕಾದರೂ ಬಡಿತ ಏರಿಸುತ್ತದೆ. ಆಡಿಟರ್ ಫೋನಿನಿಂದ ಹೊಟ್ಟೆ ಕರಗುವುದಾಗಿದ್ದರೆ ಜಿಎಸ್‌ಟಿ ಬಂದ ಮೇಲೆ ಮೈಸೂರಿನ ವ್ಯಾಪಾರಿಗಳೆಲ್ಲ ಕಡ್ಡಿಯಾಗಿರಬೇಕಿತ್ತು.

ನಾವೂ ಮನೆಯಲ್ಲಿ ಸಣ್ಣ ಪರೀಕ್ಷೆ ಮಾಡಿದೆವು. ಅಕ್ಕನ ಕೈಗೆ ವಾಚ್ ಕಟ್ಟಿ ಈಳಿಗೆ ಮಣೆಯ ಮೇಲೆ ಕೂರಿಸಿ ಒಂದು ಕಾಯಿ ತುರಿಸಿದೆವು. ಕೂತಲ್ಲಿಂದ ಏಳದೆ 164 ಹೆಜ್ಜೆ ನಡೆದಿದ್ದಳು. ಭಾವ ಸ್ಕೂಟರಿನಲ್ಲಿ ಅಂಗಡಿಗೆ ಹೋಗಿ ಬಂದರು, ರಸ್ತೆಗುಂಡಿಗಳ ಕೃಪೆಯಿಂದ ಇನ್ನೊಂದಿಷ್ಟು. ಆದರೆ 25 ಕೆಜಿಯ ಮೊಳೆ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಗೋದಾಮಿನಿಂದ ಗಲ್ಲಾಪೆಟ್ಟಿಗೆವರೆಗೆ ತಂದಾಗ ಹೆಜ್ಜೆ ಸರಿಯಾಗಿ ಎಣಿಸಲಿಲ್ಲ, ಕೈ ಬೀಸಿರಲಿಲ್ಲವಲ್ಲ.

ಇನ್ನು ಸಂಜೆಯ ನಡಿಗೆ. ಗಂಟೆಗೆ ಐದು ಕಿಲೋಮೀಟರ್ ವೇಗದ ಸಮತಟ್ಟು ನಡಿಗೆಗೆ ಸುಮ್ಮನೆ ಕೂತಿರುವುದರ ಮೂರೂವರೆ ಪಟ್ಟು ಖರ್ಚು ಎಂದು ಹಿಡಿಯುವುದು ರೂಢಿ. ಕೂತಿದ್ದರೆ ಒಂದು ಕೆಜಿ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲರಿ. 86 ಕೆಜಿಗೆ, ಮುಕ್ಕಾಲು ಗಂಟೆಗೆ 226 ಆಯಿತು. ವಾಚ್ ಹೇಳಿದ್ದು 312. ಈ 86 ಕ್ಯಾಲರಿಯ ಏರಿಕೆ ವಾರದ ಮೇಲೆ ಹರಡಿದರೆ ದಿನಕ್ಕೆ 61. ಅದಕ್ಕಿಂತ ಮುಖ್ಯ: 226ರಲ್ಲೂ 65 ಮನೆಯಲ್ಲಿ ಟಿವಿ ಮುಂದೆ ಕೂತಿದ್ದರೂ ಖರ್ಚಾಗುತ್ತಿದ್ದದ್ದೇ. ನಡೆದದ್ದರಿಂದ ಹೆಚ್ಚುವರಿಯಾಗಿ ಆದದ್ದು 161. ಭಾವನ ಮಸಾಲೆ ದೋಸೆಯಲ್ಲಿ ದಕ್ಕುವುದು ಅರ್ಧದಷ್ಟೇ, ಬೆಣ್ಣೆ ಹಾಕಿಸಿಕೊಂಡರೆ ಇನ್ನೂ ಕಡಿಮೆ.

ಇದು ಭಾವನ ವಾಚ್‌ನೊಂದರ ಕಥೆಯಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಕೈಗೆ ಏಳು ಬಗೆಯ ಸಾಧನ ಕಟ್ಟಿ, ಟ್ರೆಡ್‌ಮಿಲ್, ಸೈಕಲ್ ಮೇಲೆ ಹತ್ತಿಸಿ, ಉಸಿರಿನ ಆಮ್ಲಜನಕ ಅಳೆಯುವ ಯಂತ್ರದ ಜತೆ ತಾಳೆ ಹಾಕಿದರು. ನಾಡಿ ಬಡಿತದಲ್ಲಿ ಏಳರಲ್ಲಿ ಆರು ಸಾಧನಗಳ ತಪ್ಪು 5 ಪರ್ಸೆಂಟಿನೊಳಗೆ ಇತ್ತು. ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ 27 ಪರ್ಸೆಂಟ್ ತಪ್ಪಿತ್ತು, ಕೆಟ್ಟದ್ದು 93 ಪರ್ಸೆಂಟ್. ಆ ಮಾದರಿಗಳೆಲ್ಲ ಹಳೆಯವು ಎನ್ನಬಹುದು. 2025ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದವರು ಆ್ಯಪಲ್ ವಾಚ್ ಮೇಲೆ ನಡೆದ 56 ಅಧ್ಯಯನಗಳನ್ನು ಒಟ್ಟು ಹಾಕಿದಾಗಲೂ ಬಡಿತದಲ್ಲಿ ಸರಾಸರಿ ತಪ್ಪು ನಾಲ್ಕು ಪರ್ಸೆಂಟ್ ಚಿಲ್ಲರೆ, ಹೆಜ್ಜೆಯಲ್ಲಿ ಎಂಟು, ಕ್ಯಾಲರಿಯಲ್ಲಿ ಸುಮಾರು 28. ಬೆಲೆಬಾಳುವ ವಾಚ್‌ನ ಗತಿಯೇ ಇದಾದರೆ ಭಾವನ ಸಾಧಾರಣ ವಾಚ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಎಣ್ಣೆ ಪ್ಯಾಕೆಟ್

ಇಷ್ಟೆಲ್ಲ ಖರ್ಚಿನ ಪುಟದ ಮಾತು. ಜಮಾ ಪುಟವನ್ನು ಬಿಡಿಸಿದವಳು ಅಕ್ಕ. "ಅಲ್ಲ ಕಣೋ, ಇವರು ಕಾಫಿಗೆ ಹಾಕೋ ಸಕ್ಕರೆ ಚಮಚ ಎಣಿಸಿ ಬರೀತಾರೆ. ಒಗ್ಗರಣೆ ಎಣ್ಣೆ ಯಾರು ಬರೀತಾರೆ?"

ಮನೆಯಲ್ಲಿ ಮೂರು ಜನ: ಅಕ್ಕ, ಭಾವ, ಭಾವನ ತಾಯಿ. ತಿಂಗಳಿಗೆ ಒಂದು ಲೀಟರಿನ ಮೂರು ಪ್ಯಾಕೆಟ್ ಎಣ್ಣೆ. ಲೀಟರಿಗೆ 910 ಗ್ರಾಂ. ಸಮನಾಗಿ ಹಂಚಿದರೆ ತಲೆಗೆ ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲರಿ. ಕಿರ್ದಿಯಲ್ಲಿ "ಬೀನ್ಸ್ ಪಲ್ಯ ಒಂದು ಬಟ್ಟಲು", "ಚಿತ್ರಾನ್ನ ಒಂದೂವರೆ ಸೌಟು" ಎಂದಿದ್ದದ್ದನ್ನೆಲ್ಲ ಎರಡು ವಾರದ ಮಟ್ಟಿಗೆ ಬಿಡಿಸಿ ನೋಡಿದೆ. ಅವುಗಳಿಗೆ ಹಾಕಿದ್ದ ಕ್ಯಾಲರಿಯಲ್ಲಿ ಅಡಗಿದ್ದ ಎಣ್ಣೆ ದಿನಕ್ಕೆ 15 ಗ್ರಾಂ ಮೀರುತ್ತಿರಲಿಲ್ಲ. ಇನ್ನರ್ಧ, 135 ಕ್ಯಾಲರಿ, ಪುಸ್ತಕಕ್ಕೆ ಬರದೆ ಹೊಟ್ಟೆಗೆ ಹೋಗಿತ್ತು. ಹಪ್ಪಳ ಕರಿದ ಎಣ್ಣೆ ಸ್ವಲ್ಪ ಚೆಲ್ಲಿಹೋಗಿರಬಹುದು. ಭಾವನ ತಾಯಿ ತಿನ್ನುವುದು ಹಕ್ಕಿಯಷ್ಟು, ಆದ್ದರಿಂದ ಆ ಕಡೆ ಉಳಿದದ್ದು ಈ ಕಡೆ ಬಂದಿರಲೂಬಹುದು.

ಒಟ್ಟು ಹಾಕಿದೆ. ಎರಡು ಸಲ ಏರಿಸಿದ ನಡಿಗೆ 223, ತಪ್ಪು ವಯಸ್ಸು 60, ನಡಿಗೆಯ ಉಬ್ಬು 61, ಎಣ್ಣೆ 135. ಕೂಡಿದರೆ 479. ಹುಡುಕುತ್ತಿದ್ದದ್ದು 468.

ಭಾವ ಮೇಜು ಕುಟ್ಟಿದರು. ನನಗೆ ಖುಷಿಯಾಗಲಿಲ್ಲ. ವಿದ್ಯಾರ್ಥಿಯೊಬ್ಬ ಇಷ್ಟು ಚೊಕ್ಕವಾಗಿ ತಾಳೆಯಾಗುವ ಉತ್ತರ ತಂದರೆ ನಾನು ಮೊದಲು ಅನುಮಾನಪಡುತ್ತೇನೆ. ಸ್ಕೂಟರಿನ ಹುಸಿ ಹೆಜ್ಜೆ ನಾನು ಸೇರಿಸಿಲ್ಲ. ಸೂತ್ರ ಭಾರತೀಯರಿಗೆ ಹೆಚ್ಚು ಹೇಳುತ್ತದೆ ಎಂಬುದನ್ನು ಸೇರಿಸಿಲ್ಲ. ಚೀಲ ಹೊತ್ತದ್ದನ್ನು ವಾಚ್ ಬಿಟ್ಟದ್ದನ್ನೂ ಸೇರಿಸಿಲ್ಲ. ಹೆಚ್ಚಿನ ತಪ್ಪುಗಳೂ ಕಡಿಮೆಯ ತಪ್ಪುಗಳೂ ಒಂದನ್ನೊಂದು ಹೊಡೆದುಹಾಕಿ ಕೊನೆಯ ಮೊತ್ತ ಸರಿಬಂದಂತೆ ಕಂಡಿದೆ, ಅಷ್ಟೇ. ದಿನದ ಖರ್ಚನ್ನು ನಿಜವಾಗಿ ಅಳೆಯಬೇಕಾದರೆ ಒಂದೋ ಗಾಳಿ ಅಳೆಯುವ ಕೋಣೆಯೊಳಗೆ ಕೂಡಿಹಾಕಬೇಕು, ಇಲ್ಲವೇ ಭಾರದ ಜಲಜನಕ ಮತ್ತು ಆಮ್ಲಜನಕ ಬೆರೆಸಿದ ನೀರು ಕುಡಿಸಿ ಒಂದೆರಡು ವಾರ ಮೂತ್ರದಲ್ಲಿ ಎರಡೂ ಯಾವ ವೇಗದಲ್ಲಿ ಖಾಲಿಯಾಗುತ್ತವೆ ಎಂದು ನೋಡಬೇಕು. ಹಾರ್ಡ್‌ವೇರ್ ಅಂಗಡಿಯವರಿಗೆ ಎರಡೂ ಆಗುವ ಮಾತಲ್ಲ.

ತಿರುವಿ ಹಾಕಿದ ಲೆಕ್ಕ

ಹಾಗಾಗಿ ಲೆಕ್ಕವನ್ನೇ ತಿರುವಿ ಹಾಕಿದೆವು. ವಾಚ್‌ನ ಖರ್ಚಿನಿಂದ ತೂಕವನ್ನು ಊಹಿಸುವ ಬದಲು, ತೂಕದಿಂದ ಖರ್ಚನ್ನು ತೆಗೆಯುವುದು. ಪುಸ್ತಕದ ಪ್ರಕಾರ ತಿಂದದ್ದು 2,050. ಮುದ್ರೆಯ ತಕ್ಕಡಿ ಹೇಳಿದ ಬಾಕಿ 82. ಎರಡೂ ಸೇರಿ 2,132. ಭಾವನ ದಿನದ ಖರ್ಚು, ಭಾವನದೇ ಪುಸ್ತಕದ ನಾಣ್ಯದಲ್ಲಿ, 2,130.

'ಭಾವನ ಪುಸ್ತಕದ ನಾಣ್ಯ' ಎಂದದ್ದು ಬೇಕೆಂದೇ. ಎಣ್ಣೆ ಬರೆಯದ ಕಾರಣ ಅವರ ಪುಸ್ತಕದ ಒಂದು ಕ್ಯಾಲರಿ ನಿಜದ ಒಂದು ಕ್ಯಾಲರಿಗಿಂತ ಸ್ವಲ್ಪ ದೊಡ್ಡದು. ಪರವಾಗಿಲ್ಲ. ಮುಂದೆಯೂ ಅದೇ ರೀತಿ, ಅದೇ ಬಟ್ಟಲು, ಅದೇ ಸೌಟಿನ ಲೆಕ್ಕದಲ್ಲಿ ಬರೆದರೆ ಆ ತಪ್ಪು ಎರಡೂ ಕಡೆ ಸಮನಾಗಿ ಕೂತು ಕಳೆದುಹೋಗುತ್ತದೆ. ಆದ್ದರಿಂದ ಎಣ್ಣೆಯನ್ನು ಈಗಿನಿಂದ ಬರೆಯಲು ಶುರು ಮಾಡಬೇಡಿ ಎಂದೆ. ಭಾವನಿಗೆ ಇದು ಜೀರ್ಣವಾಗಲು ಎರಡು ದಿನ ಬೇಕಾಯಿತು. ತಪ್ಪು ಗೊತ್ತಾದ ಮೇಲೂ ಹಾಗೇ ಮುಂದುವರಿಸಿ ಎಂದು ಯಾವ ಆಡಿಟರ್ ಹೇಳುತ್ತಾನೆ?

2,130ರಲ್ಲಿ 400 ಕಳೆದು ದಿನಕ್ಕೆ 1,730 ಎಂದು ನಿಗದಿಯಾಯಿತು. ನಡೆದ ದಿನವೂ ಅಷ್ಟೇ, ನಡೆಯದ ದಿನವೂ ಅಷ್ಟೇ. ಆ್ಯಪ್‌ನಲ್ಲಿ ಕ್ಯಾಲರಿಯ ಚೌಕವನ್ನು ಮುಖಪುಟದಿಂದ ತೆಗೆದುಹಾಕಿದೆ. ಉಳಿಸಿಕೊಂಡದ್ದು ಹೆಜ್ಜೆ. ಹೆಜ್ಜೆಯಲ್ಲೂ ತಪ್ಪಿದೆ, ಆದರೆ ಅದೇ ಸ್ಕೂಟರು, ಅದೇ ರಸ್ತೆ, ಅದೇ ಅಂಗಡಿ ಇರುವಾಗ ಈ ವಾರ ಹೋದ ವಾರಕ್ಕಿಂತ ಹೆಚ್ಚು ಓಡಾಡಿದೆನೇ ಎಂದು ತಿಳಿಯಲು ಅಷ್ಟು ಸಾಕು. ಹತ್ತು ಸಾವಿರ ಹೆಜ್ಜೆಯ ಗುರಿಯನ್ನೂ ಇಡಲಿಲ್ಲ. ಅದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದ ಅಂಕಿ. ಭಾವನ ಸರಾಸರಿ ಆಗ 4,800 ಇತ್ತು.

ಏಪ್ರಿಲ್ 7ರಿಂದ ಹೊಸ ಲೆಕ್ಕ. ಮೇ ತಿಂಗಳಲ್ಲಿ ನೆಂಟರ ಮದುವೆ, ಎರಡು ದಿನದ ಊಟ. ಸೋಮವಾರ ತಕ್ಕಡಿ 1.4 ಕೆಜಿ ಹೆಚ್ಚು ತೋರಿಸಿತು. ಭಾವ ಬೆಳಿಗ್ಗೆಯೇ ಫೋನು ಮಾಡಿದರು, ದನಿಯಲ್ಲಿ ಸೂತಕ. ಅದಷ್ಟೂ ಕೊಬ್ಬಾಗಬೇಕಾದರೆ ಮಾಮೂಲಿ ಊಟದ ಮೇಲೆ ಇನ್ನೂ 10,780 ಕ್ಯಾಲರಿ ಏರಿಸಿರಬೇಕು, ನೀವು ಎಷ್ಟು ಹೋಳಿಗೆ ತಿಂದಿರಿ ಎಂದು ಕೇಳಿದೆ. ಬರಿ ಐದು ಎಂದರು. ಉಪ್ಪು, ನೀರು, ಇನ್ನೂ ಹೊರಬೀಳದ ಊಟ. ಶುಕ್ರವಾರದ ಹೊತ್ತಿಗೆ ಇಳಿದಿತ್ತು.

ಆಷಾಢದ ಮೊದಲ ಶುಕ್ರವಾರ ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಹೋಗಿ ಬಂದರು. ವಾಚ್ 780 ಎಂದಿತಂತೆ. ಪುಸ್ತಕದಲ್ಲಿ ಹುಡುಕಿದೆ. ಅಂದಿನ ಪುಟದಲ್ಲಿ "ಚಾಮುಂಡಿ ದರ್ಶನ" ಎಂದಷ್ಟೇ ಇದೆ, ಅಂಕಿ ಇಲ್ಲ.

ಜೂನ್ 30ರ ವಾರದ ಸರಾಸರಿ 81.6. ಹನ್ನೆರಡು ವಾರಕ್ಕೆ 3.8 ಕೆಜಿ. ಪುಸ್ತಕದ ಸರಾಸರಿ ಊಟ 1,745, ಹದಿನೈದು ಜಾರಿತ್ತು. ಹೆಜ್ಜೆ 7,600ಕ್ಕೆ ಏರಿತ್ತು.

ನನ್ನನ್ನು ಕಾಡಿದ್ದು ಬೇರೆ. 84 ದಿನಕ್ಕೆ 3.8 ಕೆಜಿ ಅಂದರೆ ದಿನಕ್ಕೆ 348ರ ಬಾಕಿ. 1,745ಕ್ಕೆ ಸೇರಿಸಿದರೆ ಭಾವನ ಖರ್ಚು ಈಗ 2,093. ದಿನಕ್ಕೆ 2,800 ಹೆಜ್ಜೆ ಹೆಚ್ಚು ನಡೆದ ಮನುಷ್ಯನ ಖರ್ಚು 40 ಕಡಿಮೆಯಾಗಿದೆ! ಮೈ ಹಗುರಾದದ್ದರಿಂದ ಸ್ವಲ್ಪ ಇಳಿಯುವುದು ಸಹಜ. ನಡಿಗೆಯಿಂದ ಅದಕ್ಕಿಂತ ಹೆಚ್ಚು ಏರಬೇಕಿತ್ತು. ಭಾವನ ಕೈ ಬರೆಯುವಾಗ ಸಡಿಲವಾಗಿರಬಹುದು, ಅದನ್ನು ಅವರು ಒಪ್ಪುವುದಿಲ್ಲ. ಇನ್ನೊಂದು ಸಾಧ್ಯತೆ ಇದೆ. 2012ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಜತೆಯವರು ತಾಂಜಾನಿಯಾದ ಹಾಡ್ಜಾ ಬೇಟೆಗಾರರಿಗೆ ಆ ಭಾರದ ನೀರನ್ನೇ ಕುಡಿಸಿ ಅಳೆದರು. ದಿನವಿಡೀ ಅಲೆದು ಗೆಡ್ಡೆ ಅಗೆಯುವ ಆ ಜನರ ಒಟ್ಟು ಖರ್ಚು, ಮೈಗಾತ್ರ ಸರಿದೂಗಿಸಿದರೆ, ಕುರ್ಚಿಯಲ್ಲಿ ಕೂರುವ ಪಾಶ್ಚಾತ್ಯರಷ್ಟೇ ಇತ್ತು. ಒಂದು ಕಡೆ ಖರ್ಚು ಹೆಚ್ಚಿದರೆ ದೇಹ ಇನ್ನೊಂದು ಕಡೆ ಕೈಬಿಗಿ ಮಾಡುತ್ತದೆ ಎಂಬುದು ಅವರ ವಾದ. ವಾದದ ಬಗ್ಗೆ ಜಗಳ ಇನ್ನೂ ಇದೆ. ಭಾವ ಸಂಜೆ ನಡೆದು ಬಂದ ಮೇಲೆ ಮಲಗುವವರೆಗೆ ಸೋಫಾದಿಂದ ಕದಲುವುದಿಲ್ಲ ಎಂಬ ಅಕ್ಕನ ಸಾಕ್ಷ್ಯವನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ.

ವಾಚ್ ಕಟ್ಟಿದರೇ ತೂಕ ಇಳಿಯುತ್ತದೆಯೇ ಎಂಬುದಕ್ಕೂ ಪರೀಕ್ಷೆ ನಡೆದಿದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 471 ಯುವಕ ಯುವತಿಯರನ್ನು ಎರಡು ವರ್ಷ ಗಮನಿಸಿದರು. ಮೊದಲ ಆರು ತಿಂಗಳು ಎಲ್ಲರಿಗೂ ಒಂದೇ ಕ್ರಮ, ಆಮೇಲೆ ಅರ್ಧ ಜನರಿಗೆ ತೋಳಿಗೆ ಕಟ್ಟುವ ಸಾಧನ. 2016ರಲ್ಲಿ ಬಂದ ಫಲಿತಾಂಶ: ಸಾಧನ ಇಲ್ಲದವರು ಸರಾಸರಿ 5.9 ಕೆಜಿ ಇಳಿಸಿದ್ದರು, ಇದ್ದವರು 3.5. ಕಾರಣ ಆ ಅಧ್ಯಯನದಿಂದ ತಿಳಿಯುವುದಿಲ್ಲ. ಭಾವನಿಗೆ ಈ ಅಂಕಿ ಓದಿ ಹೇಳಿದಾಗ, "ಅವರೂ ದೋಸೆ ಸಂಪಾದನೆ ಮಾಡಿರ್ತಾರೆ ಬಿಡು" ಎಂದರು.

80ಕ್ಕೆ ಇನ್ನೂ 1.6 ಕೆಜಿ ಇದೆ. ರಕ್ತಪರೀಕ್ಷೆ ಮುಂದಿನ ತಿಂಗಳು. ಹೋದ ಭಾನುವಾರ ಕೂತು ಹೊಸ ಅಂಕಿ ಹಾಕಿದೆವು. ಕಿರ್ದಿಯ ಒಳರಟ್ಟಿನ ಮೇಲೆ ಭಾವ ಏಪ್ರಿಲ್‌ನಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡದಾಗಿ 2,130 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 2,090 ಎಂದು ಬರೆದರು, ಈ ಸಲ ಪೆನ್ಸಿಲ್‌ನಲ್ಲಿ.